ಟ್ರಿಲಿಯಂ: ನೆರಳಿನ ತೋಟದಲ್ಲಿ ಬೀಜದಿಂದ ಹೂವಿಗೆ
ಉತ್ತರ ಅಮೆರಿಕದ ಪೂರ್ವಭಾಗದ ಅರಣ್ಯಗಳಲ್ಲಿ, ಮರಗಳು ಎಲೆದುಂಬಿ ನೆರಳು ದಟ್ಟವಾಗುವ ಮುನ್ನವೇ ಮೂರು ಎಲೆಗಳ ನಡುವೆ ಮೂರು ಶ್ವೇತದಳಗಳನ್ನು ಅರಳಿಸುವ ಟ್ರಿಲಿಯಂ, 1937ರಿಂದ ಕೆನಡಾದ ಒಂಟಾರಿಯೊ ಪ್ರಾಂತದ ಲಾಂಛನಪುಷ್ಪವಾಗಿದೆ. ಇದನ್ನು ಬೆಳೆಸಬಯಸುವವರು, ಬೇಸಗೆಯಲ್ಲಿ ಕಾಯಿ ಮಾಗಿದೊಡನೆಯೇ, ಬೀಜಕ್ಕಂಟಿದ ಜಿಡ್ಡಿನಂಶಕ್ಕೆ ಮನಸೋತ ಇರುವೆಗಳು ಹೊತ್ತೊಯ್ಯುವುದಕ್ಕೆ ಮೊದಲು ಬೀಜಗಳನ್ನು ಸಂಗ್ರಹಿಸಿ, ಒಣಗಗೊಡದೆ, ಎಲೆಗೊಬ್ಬರ ಬೆರೆತ ತೇವದ ಮಣ್ಣಿನಲ್ಲಿ ನೆರಳಿನಡಿ ಬಿತ್ತತಕ್ಕದ್ದು. ಮೊದಲ ಶೀತಕಾಲ ಕಳೆದ ಬಳಿಕ ಬೇರು ಮಾತ್ರ ಇಳಿಯುತ್ತದೆ, ಮಣ್ಣಿನ ಮೇಲೆ ಏನೂ ಕಾಣದು. ಎರಡನೆಯ ಶೀತಕಾಲವೂ ಸಂದ ಮೇಲೆ ಒಂಟಿ ಎಲೆಯೊಂದು ತಲೆಯೆತ್ತುತ್ತದೆ. ಬೀಜ ಸತ್ತಿತೆಂದು ನಿರಾಶರಾಗಿ ಕುಂಡವನ್ನು ಬರಿದು ಮಾಡುವವರು ಅನೇಕರು; ಅದು ನಿಜಕ್ಕೂ ಶೋಚನೀಯ. ಪ್ರಥಮ ಪುಷ್ಪಕ್ಕೆ ಸಾಮಾನ್ಯವಾಗಿ ಏಳು ವರ್ಷಗಳಾದರೂ ಬೇಕು. ಆದುದರಿಂದ ಕಾಡಿನ ಗಿಡವನ್ನು ಅಗೆದು ತಾರದಿರಿ. ಬೀಜವನ್ನೇ ಬಿತ್ತಿ, ಕಾಯಿರಿ.