ಭಂಗಾರದೊಳಗಿನ ಬಂಗಾರ

ಮುಂಬೈಗೆ ಬಂದ ಹೊಸತರಲ್ಲಿ ಕನ್ನಡಿಗರಿಗೆ ತಮಾಷೆಯಾಗಿ ಕೇಳಿಸುವ ಪದಗಳಲ್ಲಿ ‘ಭಂಗಾರ್’ ಒಂದು. ನಮಗೆ ಬಂಗಾರ ಎಂದರೆ ಚಿನ್ನ, ಇಲ್ಲಿಯವರಿಗೆ ಭಂಗಾರ್ ಎಂದರೆ ಗುಜರಿ. ಹಳೇ ಕಂಪ್ಯೂಟರಿನ ಮಟ್ಟಿಗೆ ಮಾತ್ರ ಎರಡು ಅರ್ಥವೂ ಸರಿ. ಅದರ ಮದರ್‌ಬೋರ್ಡಿನ ಸಂಪರ್ಕ ಬಿಂದುಗಳಿಗೆ ತೆಳುವಾಗಿ ನಿಜವಾದ ಚಿನ್ನವನ್ನೇ ಲೇಪಿಸಿರುತ್ತಾರೆ. ಜೊತೆಗೆ ತಾಮ್ರ, ಅಲ್ಯೂಮಿನಿಯಂ, ಕಬ್ಬಿಣ. ಕೆಟ್ಟು ನಿಂತ ಯಂತ್ರಕ್ಕೂ ಭಂಗಾರ್‌ವಾಲಾ ನಗದು ಕೊಟ್ಟು ಹೊತ್ತೊಯ್ಯುವುದು ಸುಮ್ಮನೆ ಅಲ್ಲ.

ಅಂಧೇರಿಯ ಕಚೇರಿಯೊಂದರಲ್ಲಿ ಕಂಪ್ಯೂಟರ್‌ಗಳ ಖರೀದಿಯೂ ವಿಲೇವಾರಿಯೂ ನನ್ನ ಪಾಲಿನ ಕೆಲಸ. ಖರೀದಿಯ ಹೊತ್ತಿಗೆ ಬರುವ ಪ್ರತಿ ಕರಪತ್ರದಲ್ಲೂ ಒಂದು ಹಸಿರು ಎಲೆಯ ಚಿತ್ರ, ‘ಹಳೆಯ ಯಂತ್ರವನ್ನು ನಾವೇ ವಾಪಸ್ ಪಡೆಯುತ್ತೇವೆ’ ಎಂಬ ಮಾತು ಇದ್ದೇ ಇರುತ್ತದೆ. ಈ ಮಾತು ಕಂಪನಿಗಳ ಬಾಯಿಗೆ ತಾನಾಗಿ ಬಂದದ್ದಲ್ಲ. ಅದನ್ನು ಬರಿಸಿದ ಕಥೆ ನಮ್ಮ ಬೆಂಗಳೂರಿನದು.

ವಿಪ್ರೊ 1945ರಲ್ಲಿ ಹುಟ್ಟಿದ್ದು ಇದೇ ಮಹಾರಾಷ್ಟ್ರದ ಅಮಳನೇರಿನಲ್ಲಿ, ಅಡುಗೆ ಎಣ್ಣೆಯ ಗಿರಣಿಯಾಗಿ. 1980ರ ದಶಕದಲ್ಲಿ ಕಂಪ್ಯೂಟರ್ ತಯಾರಿಕೆಗೆ ಇಳಿಯಿತು. 2005ರಲ್ಲಿ ಗ್ರೀನ್‌ಪೀಸ್ ಕಾರ್ಯಕರ್ತರು ಬೆಂಗಳೂರಿನ ಅದರ ಕಚೇರಿಯೆದುರು ಇ-ತ್ಯಾಜ್ಯ ತಂದು ಸುರಿದು, ‘ನೀವು ಮಾಡಿದ್ದು, ನೀವೇ ತೆಗೆದುಕೊಳ್ಳಿ’ ಎಂಬ ಅರ್ಥದ ಪ್ರತಿಭಟನೆ ನಡೆಸಿದರು. ಆಗ ದೇಶದಲ್ಲಿ ಇದಕ್ಕೆಂದೇ ಪ್ರತ್ಯೇಕ ಕಾನೂನು ಇರಲಿಲ್ಲ. ಆದರೂ ವಿಪ್ರೊ ಹಳೇ ಯಂತ್ರಗಳನ್ನು ವಾಪಸ್ ಪಡೆಯುವ ವ್ಯವಸ್ಥೆ ಮಾಡಿತು. 2010ರಲ್ಲಿ ಪಿವಿಸಿ ಪ್ಲಾಸ್ಟಿಕ್ ಮತ್ತು ಬೆಂಕಿ ತಡೆಗೆ ಬಳಸುವ ಬ್ರೋಮಿನ್ ರಾಸಾಯನಿಕಗಳಿಲ್ಲದ ಡೆಸ್ಕ್‌ಟಾಪ್ ಹೊರತಂದಿತು. ಅಂದು ತ್ಯಾಜ್ಯ ಸುರಿದ ಅದೇ ಗ್ರೀನ್‌ಪೀಸ್, 2012ರ ತನ್ನ ಹಸಿರು ಎಲೆಕ್ಟ್ರಾನಿಕ್ಸ್ ಪಟ್ಟಿಯಲ್ಲಿ ವಿಪ್ರೊಗೆ ಮೊದಲ ಸ್ಥಾನ ಕೊಟ್ಟಿತು.

ಮರುವರ್ಷವೇ, ಅಂದರೆ 2013ರಲ್ಲಿ, ವಿಪ್ರೊ ಪರ್ಸನಲ್ ಕಂಪ್ಯೂಟರ್ ತಯಾರಿಕೆ ನಿಲ್ಲಿಸಿತು. ನನ್ನ ತಲೆಯಲ್ಲಿ ಉಳಿದಿರುವ ಪ್ರಶ್ನೆ ಇದು: ಕಂಪನಿ ಒಂದು ವ್ಯಾಪಾರ ಬಿಟ್ಟು ಇನ್ನೊಂದಕ್ಕೆ ಹೋಗಬಹುದು. ಮಾರಿದ ಯಂತ್ರ ಮಾತ್ರ ಯಾರದೋ ಮನೆಯ ಅಟ್ಟದಲ್ಲಿ ಇದ್ದೇ ಇರುತ್ತದೆ. ಅದರ ಕೊನೆಗೆ ಯಾರು ಹೊಣೆ?

ಕಾನೂನು ಇದಕ್ಕೆ ಒಂದು ಉತ್ತರ ಕೊಟ್ಟಿದೆ. 2011ರಲ್ಲಿ ರೂಪಿಸಿದ ನಿಯಮಗಳು ತಯಾರಕರ ಹೊಣೆಯನ್ನು ಮೊದಲ ಬಾರಿಗೆ ಹೇಳಿದವು. ಈಗ ಜಾರಿಯಲ್ಲಿರುವುದು 2023ರ ಏಪ್ರಿಲ್ 1ರಿಂದ ಬಂದ ಇ-ತ್ಯಾಜ್ಯ ನಿಯಮಗಳು. ತಯಾರಕರು ಹಿಂದೆ ಮಾರಿದ ಸರಕಿನ ತೂಕದ ಲೆಕ್ಕದಲ್ಲಿ ಮೊದಲ ಎರಡು ವರ್ಷ ಶೇ 60, ಮುಂದಿನ ಎರಡು ವರ್ಷ ಶೇ 70, 2027–28ರಿಂದ ಶೇ 80ರಷ್ಟು ಮರುಬಳಕೆಯಾದದ್ದನ್ನು ತೋರಿಸಬೇಕು. ತೋರಿಸುವುದು ಪ್ರಮಾಣಪತ್ರದ ಮೂಲಕ. ನೋಂದಾಯಿತ ಮರುಬಳಕೆ ಘಟಕ ಲೋಹ ಬೇರ್ಪಡಿಸಿ ಪ್ರಮಾಣಪತ್ರ ಪಡೆಯುತ್ತದೆ, ತಯಾರಕರು ಅದನ್ನು ಕೊಂಡು ತಮ್ಮ ಗುರಿ ತುಂಬಿಸಿಕೊಳ್ಳುತ್ತಾರೆ.

ಇದರಲ್ಲಿ ಒಂದು ಅನುಕೂಲ ಇದೆ. ಯಾವ ಕಂಪನಿಯ ಯಂತ್ರ ಎನ್ನುವುದು ಮುಖ್ಯವಾಗುವುದಿಲ್ಲ, ಬಾಗಿಲು ಮುಚ್ಚಿದ ಕಂಪನಿಯ ಯಂತ್ರವೂ ಲೆಕ್ಕಕ್ಕೆ ಬರುತ್ತದೆ. ಒಂದು ತೊಡಕೂ ಇದೆ. ನಿಮ್ಮ ಮನೆಯ ಆ ಒಂದು ಲ್ಯಾಪ್‌ಟಾಪ್ ಎಲ್ಲಿ ಹೋಯಿತೆಂದು ಅದನ್ನು ಮಾಡಿದ ಕಂಪನಿ ಹುಡುಕಬೇಕಾಗಿಲ್ಲ. ಅದು ಸರಿಯಾದ ಜಾಗಕ್ಕೆ ಹೋಗುವುದೋ ಇಲ್ಲವೋ ತೀರ್ಮಾನವಾಗುವುದು ನಮ್ಮ ಸೊಸೈಟಿಯ ಗೇಟಿನಲ್ಲಿ.

ಗೇಟಿನಲ್ಲಿ ಗೆಲ್ಲುವುದು ಭಂಗಾರ್‌ವಾಲಾ. ಕರೆದರೆ ಹತ್ತು ನಿಮಿಷದಲ್ಲಿ ಬರುತ್ತಾನೆ, ನಾಲ್ಕನೇ ಮಹಡಿಯಿಂದ ತಾನೇ ಇಳಿಸುತ್ತಾನೆ, ಕೈಗೆ ದುಡ್ಡು ಇಡುತ್ತಾನೆ. ನಾನೊಮ್ಮೆ ಮನೆಯ ಹಳೇ ಲ್ಯಾಪ್‌ಟಾಪನ್ನು ಅದರ ಕಂಪನಿಗೇ ಕೊಡೋಣವೆಂದು ಫಾರಂ ತುಂಬಿದೆ. ಮೂರು ಬಾರಿ ಫೋನ್ ಮಾಡಿದ ಮೇಲೆ, ಒಂದೇ ಯಂತ್ರಕ್ಕೆ ಗಾಡಿ ಕಳಿಸಲಾಗದು ಎಂಬ ಉತ್ತರ ಬಂತು.

ಭಂಗಾರ್‌ವಾಲಾನನ್ನು ಖಳನಾಯಕ ಮಾಡುವುದು ನನ್ನ ಉದ್ದೇಶವಲ್ಲ. ಕುರ್ಲಾ, ಸಾಕಿನಾಕಾದ ಗುಜರಿ ಗಲ್ಲಿಗಳು, ರಿಪೇರಿಗೆ ಹೆಸರಾದ ಲ್ಯಾಮಿಂಗ್ಟನ್ ರೋಡ್ ಇಲ್ಲದಿದ್ದರೆ ಈ ಊರಿನ ಎಷ್ಟೋ ಯಂತ್ರಗಳು ಅಕಾಲದಲ್ಲೇ ಸಾಯುತ್ತಿದ್ದವು. ಲ್ಯಾಪ್‌ಟಾಪಿನಿಂದ ಪರಿಸರಕ್ಕೆ ಬೀಳುವ ಇಂಗಾಲದ ಹೊರೆಯಲ್ಲಿ ಬಹುಪಾಲು ತಯಾರಿಕೆಯ ಹಂತದ್ದೇ. ಹಾಗಾಗಿ RAM ಬದಲಿಸಿ ಇನ್ನೆರಡು ವರ್ಷ ಓಡಿಸುವ ರಿಪೇರಿಯವನು ಯಾವ ಮರುಬಳಕೆ ಘಟಕಕ್ಕೂ ಕಡಿಮೆಯಿಲ್ಲದ ಕೆಲಸ ಮಾಡುತ್ತಾನೆ.

ತೊಂದರೆ ಶುರುವಾಗುವುದು ರಿಪೇರಿಗೂ ಒಗ್ಗದ ಯಂತ್ರ ಕೈ ಬದಲಿಸುತ್ತಾ ಹೋದಾಗ. ತಾಮ್ರಕ್ಕಾಗಿ ವೈರುಗಳನ್ನು ಬಯಲಲ್ಲಿ ಸುಡುತ್ತಾರೆ, ಪಿವಿಸಿ ಹೊಗೆಯಲ್ಲಿ ಡಯಾಕ್ಸಿನ್ ಇರುತ್ತದೆ. ಚಿನ್ನಕ್ಕಾಗಿ ಬೋರ್ಡುಗಳನ್ನು ಆಸಿಡ್‌ನಲ್ಲಿ ಅದ್ದುತ್ತಾರೆ, ಉಳಿದ ಆಸಿಡ್ ಚರಂಡಿ ಸೇರುತ್ತದೆ. ಹಳೇ ದಪ್ಪ ಮಾನಿಟರಿನ ಗಾಜಿನಲ್ಲಿ ಸೀಸ ಇದೆ. ಆ ಗಾಜಿಗೆ ಬೆಲೆಯಿಲ್ಲ, ಹಾಗಾಗಿ ಒಡೆದು ಎಲ್ಲೋ ಸುರಿಯುತ್ತಾರೆ. ನಮ್ಮ ಕೈಗೆ ಬಂದ ಹೆಚ್ಚಿನ ನೂರಿನ್ನೂರು ರೂಪಾಯಿ, ಕೈಗವಸೂ ಇಲ್ಲದೆ ಇದನ್ನೆಲ್ಲ ಮಾಡುವವನ ಶ್ವಾಸಕೋಶದ ಖರ್ಚಿನಲ್ಲಿ ಉಳಿತಾಯವಾದದ್ದು. ವಿಶ್ವಸಂಸ್ಥೆಯ ವರದಿಯ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ ಎದ್ದ ಇ-ತ್ಯಾಜ್ಯ 6.2 ಕೋಟಿ ಟನ್. ಕ್ರಮಬದ್ಧವಾಗಿ ಸಂಗ್ರಹಿಸಿ ಮರುಬಳಕೆ ಮಾಡಿದ ದಾಖಲೆ ಇರುವುದು ಅದರಲ್ಲಿ ಶೇ 22.3ಕ್ಕೆ ಮಾತ್ರ.

ಸರಿಯಾದ ದಾರಿ ಇಲ್ಲವೆಂದಲ್ಲ. ಬೆಂಗಳೂರು ಬಳಿಯ ದಾಬಸ್‌ಪೇಟೆಯಲ್ಲಿ 2005ರಲ್ಲೇ ‘ಇ-ಪರಿಸರ’ ಘಟಕ ಶುರುವಾಯಿತು. ಇಲ್ಲಿ ವಸಾಯಿಯಲ್ಲಿ ‘ಇಕೊರೆಕೊ’ ಇದೆ. ನೋಂದಾಯಿತ ಘಟಕಗಳ ಪಟ್ಟಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪೋರ್ಟಲ್‌ನಲ್ಲಿ ಸಿಗುತ್ತದೆ. ವರ್ಷದಲ್ಲಿ ಯಾವಾಗಲಾದರೂ ಸಾವಿರಕ್ಕೆ ಕಡಿಮೆಯಿಲ್ಲದಷ್ಟು ವಿದ್ಯುನ್ಮಾನ ಉಪಕರಣ ಬಳಸುವ ಕಚೇರಿಗಳು ನೋಂದಾಯಿತರಿಗೇ ಕೊಡಬೇಕೆಂದು ನಿಯಮವೂ ಇದೆ. ಕೈಕೊಡುವುದು ಒಂದೆರಡು ಯಂತ್ರ ಇಟ್ಟುಕೊಂಡ ನಮ್ಮಂಥ ಮನೆಗಳು.

ಒಂದು ಯಂತ್ರಕ್ಕೆ ಗಾಡಿ ಬರುವುದಿಲ್ಲ, ಇಪ್ಪತ್ತಕ್ಕೆ ಬರುತ್ತದೆ. ನಮ್ಮ ಸೊಸೈಟಿಯಲ್ಲಿ ಕಳೆದ ದೀಪಾವಳಿಯ ಮನೆ ಸ್ವಚ್ಛತೆಯ ವಾರದಲ್ಲಿ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕೇಳಿದಾಗ ಹದಿನೇಳು ಸಿಪಿಯು, ಲ್ಯಾಪ್‌ಟಾಪ್ ಹೊರಬಂದವು, ವೈರು ಚಾರ್ಜರುಗಳ ಒಂದು ಚೀಲ ಬೇರೆ. ಫೋನ್ ಮಾಡಿದ ಮೂರನೇ ದಿನ ನೋಂದಾಯಿತ ಘಟಕದ ಟೆಂಪೊ ಬಂತು. ಮಾಟುಂಗಾದಿಂದ ಡೊಂಬಿವಲಿಯವರೆಗೆ ನಮ್ಮ ಕನ್ನಡ ಸಂಘಗಳಿವೆ. ರಾಜ್ಯೋತ್ಸವಕ್ಕೆ ಹೇಗೂ ನೂರಾರು ಮನೆಯವರು ಸೇರುತ್ತಾರೆ. ಬರುವಾಗ ಅಟ್ಟದ ಮೇಲಿನದನ್ನೂ ತನ್ನಿ ಎಂದರೆ ಸಾಕು. ಕೊಡುವ ಮುನ್ನ ಹಾರ್ಡ್‌ಡಿಸ್ಕ್ ಪೂರ್ತಿ ಅಳಿಸುವುದನ್ನೂ ಕೊಟ್ಟ ಮೇಲೆ ರಸೀದಿ ಪಡೆಯುವುದನ್ನೂ ಮರೆಯಬೇಡಿ. ಹೊಸದನ್ನು ಕೊಳ್ಳುವಾಗ ಅಂಗಡಿಯವನಿಗೆ ಬ್ಯಾಟರಿ ಎಷ್ಟು ಗಂಟೆ ಬರುತ್ತದೆಂದು ಕೇಳುತ್ತೀರಲ್ಲ, ಹಾಗೆಯೇ ಹಳೆಯದನ್ನು ಒಯ್ಯಲು ಯಾರು ಬರುತ್ತಾರೆಂದೂ ಕೇಳಿ.