ಸ್ಪೋರ್ಟ್ಸ್ ಮೋಟಾರ್ ಸೈಕಲ್‌ಗಳಿಗೆ ಕ್ರ್ಯಾಶ್ ಗಾರ್ಡ್ ಮತ್ತು ಸ್ಲೈಡರ್ ಅಳವಡಿಕೆ: ಸಾರ್ವಜನಿಕರಿಗೆ ಮಾಹಿತಿ

ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ತಾಲ್ಲೂಕುಗಳ ಮೂಲಕ ರಾಷ್ಟ್ರೀಯ ಹೆದ್ದಾರಿ 75, 73 ಮತ್ತು 169 ಹಾದುಹೋಗುತ್ತವೆ. ಇವುಗಳ ಪೈಕಿ 73ನೇ ಹೆದ್ದಾರಿಯು ಚಾರ್ಮಾಡಿ ಘಾಟಿಯನ್ನು ಏರುತ್ತದೆ. ಮಳೆಗಾಲದಲ್ಲಿ ಘಾಟಿಯ ತಿರುವುಗಳಲ್ಲಿ ದ್ವಿಚಕ್ರ ವಾಹನಗಳು ಜಾರುವ ಸಂಭವವಿರುವುದರಿಂದ, ಸ್ಪೋರ್ಟ್ಸ್ ಮಾದರಿಯ ವಾಹನಗಳ ಮಾಲೀಕರು ರಕ್ಷಣಾ ಬಿಡಿಭಾಗಗಳನ್ನು ಅಳವಡಿಸಿಕೊಳ್ಳುವುದುಂಟು. ಸದರಿ ಭಾಗಗಳು ಮುಖ್ಯವಾಗಿ ರಕ್ಷಿಸುವುದು ವಾಹನವನ್ನೇ ಹೊರತು ಸವಾರರನ್ನಲ್ಲ ಎಂಬುದನ್ನು ಮೊದಲಿಗೆ ಗಮನಿಸತಕ್ಕದ್ದು.

ಉಕ್ಕಿನ ಕೊಳವೆಯ ಲೆಗ್ ಗಾರ್ಡ್, ವಾಹನವು ನಿಂತಲ್ಲೇ ವಾಲಿ ಬಿದ್ದಾಗ ಇಂಜಿನ್‌ಗೆ ಪೆಟ್ಟು ತಗುಲದಂತೆ ತಡೆಯುತ್ತದೆ. ಆದರೆ ವೇಗದಲ್ಲಿ ಜಾರುವಾಗ ಅದೇ ಕೊಳವೆಯು ರಸ್ತೆಯಂಚಿನ ಕಲ್ಲಿಗೋ ಚರಂಡಿಯ ಕಾಂಕ್ರೀಟಿಗೋ ಸಿಲುಕಿ ವಾಹನವನ್ನು ಮಗುಚಬಹುದು. ಫುಟ್‌ರೆಸ್ಟ್‌ಗಿಂತ ಕೆಳಗೆ ಚಾಚಿದ ಗಾರ್ಡ್, ವಾಹನವನ್ನು ಬಾಗಿಸಿ ತಿರುಗಿಸುವಾಗ ನೆಲಕ್ಕೆ ತಾಗುವ ಅಪಾಯವೂ ಇದೆ. ಫೇರಿಂಗ್ ಉಳ್ಳ ವಾಹನಗಳಿಗೆ ಫ್ರೇಮ್ ಸ್ಲೈಡರ್ ಹೆಚ್ಚು ಸೂಕ್ತ. ಇದು ಗಟ್ಟಿ ನೈಲಾನ್‌ನಂತಹ ಪ್ಲಾಸ್ಟಿಕ್‌ನ ದಿಂಡಾಗಿದ್ದು, ನೆಲಕ್ಕೆ ಉಜ್ಜಿ ತಾನು ಸವೆಯುತ್ತಾ ಫೇರಿಂಗ್ ಮತ್ತು ಇಂಜಿನ್ ಕವಚವನ್ನು ಉಳಿಸುತ್ತದೆ. ಉದ್ದವಾದಷ್ಟೂ ಒಳ್ಳೆಯದೆಂಬ ಭಾವನೆ ತಪ್ಪು. ಅತಿ ಉದ್ದದ ಸ್ಲೈಡರ್ ಸನ್ನೆಯಂತೆ ವರ್ತಿಸಿ ಬೋಲ್ಟನ್ನು ಬಗ್ಗಿಸುತ್ತದೆ, ಕೆಲವೊಮ್ಮೆ ಇಂಜಿನ್ ಕೂರಿಸುವ ಕಿವಿಯನ್ನೇ ಮುರಿಯುತ್ತದೆ. ಗೀರಿನ ಖರ್ಚು ಉಳಿಸಲು ಹೋಗಿ ಇಂಜಿನ್ ಕವಚದ ಖರ್ಚು ತಲೆಗೆ ಬರುವುದು ಹೀಗೆಯೇ. ಫೇರಿಂಗ್‌ಗಿಂತ ತುಸುವೇ ಹೊರಚಾಚುವ, ಆಯಾ ಮಾದರಿಗೆಂದೇ ತಯಾರಿಸಿದ ಸ್ಲೈಡರನ್ನು ಆರಿಸಿ, ಸರ್ವೀಸ್ ಕೈಪಿಡಿಯಲ್ಲಿ ಸೂಚಿಸಿದ ಬಿಗಿತದಲ್ಲಿಯೇ ಬೋಲ್ಟ್ ಕೂರಿಸಬೇಕು.

ಮೋಟಾರು ವಾಹನಗಳ ಅಧಿನಿಯಮ 1988ರ ಕಲಂ 52ರ ಪ್ರಕಾರ, ವಾಹನದ ಮೂಲ ಲಕ್ಷಣ ಬದಲಾಗುವಂತೆ ರಚನೆಯನ್ನು ಮಾರ್ಪಡಿಸುವುದು ನಿರ್ಬಂಧಿತವಾಗಿದೆ. ಆದ್ದರಿಂದ ತಯಾರಕರು ಕೊಟ್ಟ ರಂಧ್ರಗಳಲ್ಲಿಯೇ ಬೋಲ್ಟ್‌ನಿಂದ ಕೂರುವ, ಬೇಕಾದಾಗ ಬಿಚ್ಚಬಹುದಾದ ಭಾಗಗಳನ್ನೇ ಆರಿಸುವುದು ಕ್ಷೇಮ. ಗಾರ್ಡ್ ಕೂರಿಸಲು ಚಾಸಿಸ್ ಕತ್ತರಿಸುವುದಾಗಲಿ ವೆಲ್ಡಿಂಗ್ ಮಾಡಿಸುವುದಾಗಲಿ ಸಲ್ಲದು. ಅನಧಿಕೃತ ಮಾರ್ಪಾಡಿಗೆ ಕಲಂ 182ಎ ಅಡಿಯಲ್ಲಿ ಆರು ತಿಂಗಳವರೆಗೆ ಕಾರಾಗೃಹ ವಾಸ, ಅಥವಾ ಪ್ರತಿ ಮಾರ್ಪಾಡಿಗೆ ರೂ. 5,000 ದಂಡ, ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ.

ಇನ್ನೊಂದು ಸಂಗತಿ: ಸ್ಪೋರ್ಟ್ಸ್ ವಾಹನದ ಅಂದಕ್ಕೆ ಕುಂದೆಂದು ಹಲವರು ಸೀರೆ ಗಾರ್ಡ್ ಬಿಚ್ಚಿಸುತ್ತಾರೆ. ಕೇಂದ್ರ ಮೋಟಾರು ವಾಹನಗಳ ನಿಯಮಗಳು 1989ರ ನಿಯಮ 123ರಂತೆ, ಹಿಂಬದಿ ಸವಾರರ ಬಟ್ಟೆ ಸಿಲುಕದಂತೆ ಹಿಂಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಭಾಗಕ್ಕೆ ಮರೆ ಇರಲೇಬೇಕು. ಕೈಹಿಡಿಕೆ ಮತ್ತು ಫುಟ್‌ರೆಸ್ಟ್ ಸಹ ಕಡ್ಡಾಯ. ಸಾವಿರಾರು ರೂಪಾಯಿಯ ಸ್ಲೈಡರ್ ಹಾಕಿಸಿ, ಸೆರಗು, ಚೂಡಿದಾರದ ಶಾಲು ಚಕ್ರಕ್ಕೆ ಸುತ್ತದಂತೆ ಕಾಯುವ ಈ ಭಾಗವನ್ನು ತೆಗೆಸುವುದರಲ್ಲಿ ಅರ್ಥವಿಲ್ಲ.

ಖಾಸಗಿ ಮೋಟಾರ್ ಸೈಕಲ್‌ನ ನೋಂದಣಿಯು 15 ವರ್ಷ ಸಿಂಧುವಾಗಿದ್ದು, ನವೀಕರಣಕ್ಕೆ ನಮೂನೆ 25ರಲ್ಲಿ ಅರ್ಜಿ ಸಲ್ಲಿಸಿ ವಾಹನವನ್ನು ತಪಾಸಣೆಗೆ ಹಾಜರುಪಡಿಸಬೇಕಾಗುತ್ತದೆ. ಗಾರ್ಡ್ ಅಥವಾ ಬಣ್ಣದ ಲೇಪನದಿಂದ ಚಾಸಿಸ್ ಸಂಖ್ಯೆ, ನೋಂದಣಿ ಫಲಕ, ದೀಪಗಳು ಮರೆಯಾಗಿರಬಾರದು. ವಿಮಾ ಸಂಸ್ಥೆಗೂ ಹೆಚ್ಚುವರಿ ಭಾಗಗಳ ವಿವರವನ್ನು ಲಿಖಿತವಾಗಿ ತಿಳಿಸುವುದು ಸೂಕ್ತ.

ಸವಾರರ ತಲೆಗೆ ಐಎಸ್ 4151 ಗುರುತಿನ ಹೆಲ್ಮೆಟ್ಟೇ ರಕ್ಷಣೆ. ಖರೀದಿಯಲ್ಲಿ ಮೊದಲ ಹಣ ಅದಕ್ಕೆ ಮೀಸಲಿಡತಕ್ಕದ್ದು. ಒಮ್ಮೆ ಬಿದ್ದ ವಾಹನದ ಸ್ಲೈಡರ್ ಹೊರಗೆ ಸರಿಯಾಗಿ ಕಂಡರೂ ಒಳಗಿನ ಬೋಲ್ಟ್ ಬಗ್ಗಿರಬಹುದು. ಅದನ್ನು ಬಿಚ್ಚಿಸಿ ಪರಿಶೀಲಿಸಿ, ಬಗ್ಗಿದ್ದಲ್ಲಿ ಬದಲಾಯಿಸಿದ ನಂತರವೇ ವಾಹನವನ್ನು ರಸ್ತೆಗಿಳಿಸತಕ್ಕದ್ದು.