ಫ್ರಿಜ್‌ನಿಂದ ತೆಗೆದ ಕೇಕ್ ಬೆವರುವುದೇಕೆ?

ಕ್ರಿಸ್ಮಸ್ ಕೇಕಿನ ಮೇಲೆ ಫಾಂಡಂಟ್‌ನಿಂದ ಗೋದಲಿ ಮಾಡಿ ಫ್ರಿಜ್‌ನಲ್ಲಿಟ್ಟಿದ್ದೆ. ಹೊರಗೆ ತೆಗೆದ ಸ್ವಲ್ಪ ಹೊತ್ತಿಗೇ ಬೊಂಬೆಗಳೆಲ್ಲ ಅಂಟಂಟಾಗಿ ಬಣ್ಣ ಇಳಿಯಿತು. ಏಕೆ? — ಓದುಗರೊಬ್ಬರು, ಬೆಂದೂರು, ಮಂಗಳೂರು

ಇದು ಕಡಲ ಗಾಳಿಯ ಕಿತಾಪತಿ. ಮಂಗಳೂರಿನ ಗಾಳಿಯಲ್ಲಿ ಡಿಸೆಂಬರಿನಲ್ಲೂ ನೀರಾವಿಗೆ ಬರವಿಲ್ಲ. ತಣ್ಣೀರು ತುಂಬಿದ ಸ್ಟೀಲ್ ಲೋಟದ ಹೊರಮೈ ಒದ್ದೆಯಾಗುವಂತೆ, ತಣ್ಣಗಿನ ಕೇಕಿಗೆ ತಾಗಿದ ಆವಿ ತಂಪಾಗಿ ಹನಿಗಟ್ಟುತ್ತದೆ. ಲೋಟವಾದರೆ ಒರೆಸಿದರೆ ಮುಗಿಯಿತು. ಫಾಂಡಂಟ್ ಬಹುಪಾಲು ಸಕ್ಕರೆ. ಅದು ಆ ನೀರಿನಲ್ಲೇ ಕರಗಿ ಪಾಕವಾಗುತ್ತದೆ, ಬಣ್ಣವೂ ಪಾಕದ ಜತೆ ಹರಿಯುತ್ತದೆ.

ರಮ್‌ನಲ್ಲಿ ನೆನೆದ ಹಣ್ಣುಗಳ ಪ್ಲಮ್ ಕೇಕಿಗೆ ಫ್ರಿಜ್ ಬೇಕಾಗಿಯೇ ಇಲ್ಲ. ಕ್ರೀಮ್ ಇದ್ದು ಇಡಲೇಬೇಕಾದರೆ ರಟ್ಟಿನ ಪೆಟ್ಟಿಗೆಯಲ್ಲಿ ಮುಚ್ಚಿಡಿ. ಹೊರತೆಗೆದ ಮೇಲೆ ತಂಪು ಬಿಡುವ ತನಕ ಮುಚ್ಚಳ ತೆರೆಯಬೇಡಿ. ಬೆವರಿಬಿಟ್ಟಿದ್ದರೆ ಒರೆಸದೆ ಫ್ಯಾನಿನ ಕೆಳಗಿಡಿ.